ಲೂಪ್ ಸಿಕ್ತಾ? ಕಂಪ್ಯೂಟರ್ ಮತ್ತು ಆರ್ಡುಯಿನೋ ಮಾತಾಡಿಸುವ ಮೊದಲ ಪಾಠ

ನಾನು 31 ವರ್ಷ ಮೂಡಿಗೆರೆ ಸುತ್ತಮುತ್ತ ಟೆಲಿಫೋನ್ ಲೈನ್ ನೋಡಿಕೊಂಡವನು. ಬಣಕಲ್, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಶುರುವಾಗುವವರೆಗೆ ನನ್ನ ಏರಿಯಾ. ಜುಲೈ ಬಂತೆಂದರೆ ದಿನಾ ಎಲ್ಲೋ ಒಂದು ಕಡೆ ಮರ ಬೀಳುತ್ತಿತ್ತು, ವೈರ್ ಹರಿಯುತ್ತಿತ್ತು. ಎಸ್ಟೇಟ್‌ನಿಂದ ಕಂಪ್ಲೇಂಟ್ ಬರುತ್ತಿತ್ತು, ಫೋನ್ ಸತ್ತಿದೆ ಅಂತ. ಎಕ್ಸ್‌ಚೇಂಜ್‌ನಿಂದ ಆ ಮನೆಗೆ 4-5 ಕಿಲೋಮೀಟರ್ ಲೈನ್. ಮಳೆಯಲ್ಲಿ ಅಷ್ಟೂ ದೂರ ನಡೆದು ನೋಡುತ್ತಾ ಕೂತರೆ ದಿನ ಮುಗಿಯುತ್ತದೆ. ಅದಕ್ಕೆ ಅರ್ಧ ದಾರಿಯ ಡಿಪಿ ಬಾಕ್ಸ್, ಅಂದರೆ ಮನೆಗಳಿಗೆ ವೈರ್ ಹಂಚುವ ಪೆಟ್ಟಿಗೆ, ತೆರೆದು, ಆ ಮನೆಯ ಜೋಡಿ ವೈರನ್ನು ಅಲ್ಲೇ ಒಂದಕ್ಕೊಂದು ಮುಟ್ಟಿಸುತ್ತಿದ್ದೆ. ಪಕ್ಕದ ಸರಿ ಇರುವ ಜೋಡಿಗೆ ಟೆಸ್ಟ್ ಫೋನ್ ಸಿಕ್ಕಿಸಿ ಎಕ್ಸ್‌ಚೇಂಜ್‌ಗೆ ಕೇಳುತ್ತಿದ್ದೆ, "ಲೂಪ್ ಸಿಕ್ತಾ ಸಾರ್?" ಸಿಕ್ಕಿದರೆ ಇಲ್ಲಿವರೆಗೆ ಲೈನ್ ಸರಿ ಇದೆ, ತೊಂದರೆ ಮುಂದಿದೆ. ಸಿಗದಿದ್ದರೆ ಹಿಂದೆ ನಡೆಯಬೇಕು. ಇಷ್ಟೇ ವಿದ್ಯೆ. ಇದೇ ನನಗೆ ಅಷ್ಟು ವರ್ಷ ಅನ್ನ ಕೊಟ್ಟಿತು.

ನನ್ನ ತಮ್ಮನ ಮಗಳು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ರಜೆಗೆ ಬಂದಾಗ ಒಂದು ನೀಲಿ ಬಣ್ಣದ ಬೋರ್ಡ್ ತಂದಿದ್ದಳು, ಆರ್ಡುಯಿನೋ ಊನೋ. ನಾವು ಬರೆದ ಪ್ರೋಗ್ರಾಂ ಓಡಿಸಿ ದೀಪ, ಸ್ವಿಚ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಅದು. ನಮ್ಮ ತೋಟಕ್ಕೆ ತಾನಾಗಿ ಲೆಕ್ಕ ಇಡುವ ಮಳೆಮಾಪಕ ಮಾಡಬೇಕು ಅಂತ ಅವಳ ಆಸೆ. ಎರಡು ದಿನ ಜಗುಲಿಯಲ್ಲಿ ಕೂತು ಪ್ರೋಗ್ರಾಂ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮೂರನೇ ದಿನ ನನ್ನ ಹತ್ತಿರ ಬಂದಳು.

"ದೊಡ್ಡಪ್ಪ, ಬೋರ್ಡ್‌ನಿಂದ ಕಂಪ್ಯೂಟರ್‌ಗೆ ಏನೂ ಬರ್ತಾನೇ ಇಲ್ಲ."

"ಲೂಪ್ ನೋಡಿದ್ಯಾ ಪುಟ್ಟಿ?"

ನೋಡಿರಲಿಲ್ಲ. ಅವತ್ತು ಸಂಜೆ ಇಬ್ಬರೂ ಕೂತು ಒಂದೊಂದೇ ತುಂಡು ಪರೀಕ್ಷೆ ಮಾಡಿದೆವು. ಆಮೇಲೆ ನನಗೂ ಇದರ ಹುಚ್ಚು ಹಿಡಿಯಿತು. ನಾಲ್ಕು ತಿಂಗಳಿಂದ ಕಲಿತಿದ್ದನ್ನು ಹೊಸಬರಿಗೆ ಉಪಯೋಗ ಆಗುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರೋಗ್ರಾಂನ ಪದಗಳನ್ನು ನಾನು ಕನ್ನಡದಲ್ಲಿ ಉಚ್ಚಾರಣೆಯ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರದ ವ್ಯತ್ಯಾಸವೂ ಅಲ್ಲಿ ಮುಖ್ಯ.

ವೈರ್‌ನಲ್ಲಿ ಏನು ಹರಿಯುತ್ತದೆ

ಸೀರಿಯಲ್ ಅಂದರೆ ಒಂದರ ಹಿಂದೆ ಒಂದು. ಒಂದೇ ವೈರ್‌ನಲ್ಲಿ ಬಿಟ್‌ಗಳು, ಅಂದರೆ 0 ಮತ್ತು 1, ಸಾಲಾಗಿ ಹೋಗುತ್ತವೆ, ಕಣಿವೆಯ ದಾರಿಯಲ್ಲಿ ದನಗಳು ಒಂದೊಂದೇ ಹೋಗುವ ಹಾಗೆ. ಹೋಗಲು ಒಂದು ವೈರ್, ಬರಲು ಇನ್ನೊಂದು. ಕಳಿಸುವ ತುದಿಗೆ ಟಿಎಕ್ಸ್ ಅನ್ನುತ್ತಾರೆ, ಕೇಳಿಸಿಕೊಳ್ಳುವ ತುದಿಗೆ ಆರ್‌ಎಕ್ಸ್.

ಯಾರೂ ಮಾತಾಡದೆ ಇರುವಾಗ ಊನೋದ ಲೈನ್ ಸುಮ್ನೆ 5 ವೋಲ್ಟ್‌ನಲ್ಲಿ ನಿಂತಿರುತ್ತದೆ. ಅದು 1. ಒಂದು ಅಕ್ಷರ ಕಳಿಸಬೇಕಾದಾಗ ಮೊದಲು ಲೈನ್ 0ಗೆ ಇಳಿಯುತ್ತದೆ. ಇದು ಸ್ಟಾರ್ಟ್ ಬಿಟ್, "ಬರ್ತಾ ಇದೆ, ಕೇಳು" ಅನ್ನುವ ಸೂಚನೆ. ಆಮೇಲೆ 8 ಬಿಟ್ ಮಾಹಿತಿ. ಕೊನೆಗೆ ಲೈನ್ ಮತ್ತೆ 1ಕ್ಕೆ ಬಂದು ಸ್ಟಾಪ್ ಬಿಟ್. ಅಂದರೆ ಒಂದು ಅಕ್ಷರಕ್ಕೆ ಒಟ್ಟು 10 ಬಿಟ್.

ಉದಾಹರಣೆಗೆ ಇಂಗ್ಲಿಷ್ ದೊಡ್ಡ ಎಚ್ ಅಕ್ಷರ ತೆಗೆದುಕೊಳ್ಳಿ. ಅಕ್ಷರಗಳಿಗೆ ನಂಬರ್ ಕೊಟ್ಟಿರುವ ಆಸ್ಕಿ ಪಟ್ಟಿಯಲ್ಲಿ ಅದರ ನಂಬರ್ 72. ಬೈನರಿಯಲ್ಲಿ ಬರೆದರೆ 01001000. ವೈರ್‌ನಲ್ಲಿ ಹೋಗುವಾಗ ಇದು ಬಲದ ತುದಿಯಿಂದ ಹೊರಡುತ್ತದೆ. ಹಾಗಾಗಿ ಮೊದಲು ಸ್ಟಾರ್ಟ್‌ನ 0, ಆಮೇಲೆ 0, 0, 0, 1, 0, 0, 1, 0, ಕೊನೆಗೆ ಸ್ಟಾಪ್‌ನ 1. ಒಂದು ಸಲ ಕಾಗದದ ಮೇಲೆ ಇದರ ಏರಿಳಿತ ಬರೆದು ನೋಡಿ. ಅವಳಿಗೆ ನಾನು ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ. ಅಲ್ಲಿಂದ ಮುಂದೆ ಅವಳಿಗೆ ಬಿಟ್ ಅನ್ನುವುದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪ್ರತಿ ಬಿಟ್ ಎಷ್ಟು ಹೊತ್ತು ಇರಬೇಕು ಅಂತ ಹೇಳುವ ಬೇರೆ ವೈರ್ ಇಲ್ಲ. ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು. ಆ ಒಪ್ಪಂದವೇ ಬಾಡ್ ರೇಟ್. 9600 ಅಂದರೆ ಸೆಕೆಂಡಿಗೆ 9600 ಬಿಟ್, ಒಂದೊಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಅಕ್ಷರಕ್ಕೆ 10 ಬಿಟ್ ಆದ್ದರಿಂದ ಸೆಕೆಂಡಿಗೆ 960 ಅಕ್ಷರ. ಬಾಡ್ ಅನ್ನುವ ಹೆಸರು ಫ್ರಾನ್ಸಿನ ತಂತಿ ಇಲಾಖೆಯ ಎಮಿಲ್ ಬೋಡೋ ಅವರಿಂದ ಬಂದದ್ದು. 1874ರಲ್ಲಿ ತಮ್ಮ ಟೆಲಿಗ್ರಾಫ್ ಯಂತ್ರಕ್ಕೆ ಪೇಟೆಂಟ್ ಪಡೆದವರು. ಟೆಲಿಪ್ರಿಂಟರ್‌ಗಳು 50 ಬಾಡ್‌ನಲ್ಲಿ ಓಡುತ್ತಿದ್ದವು, ಅವಕ್ಕೂ ಇದೇ ಸ್ಟಾರ್ಟ್, ಇದೇ ಸ್ಟಾಪ್. ಹಳೆಯ ತಂತಿ ಕೆಲಸ ಇವತ್ತಿನ ಮಕ್ಕಳ ಕೈಯಲ್ಲಿ ಇನ್ನೂ ಬದುಕಿದೆ ಅಂತ ತಿಳಿದಾಗ ನನಗೆ ನಿಜಕ್ಕೂ ಸಂತೋಷ ಆಯಿತು.

ಮೊದಲ ತುಂಡು: ಕೇಬಲ್ ಮತ್ತು ಪೋರ್ಟ್

ಬೋರ್ಡನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಹಾಕಿ. ಹಸಿರು ದೀಪ ಹತ್ತಿತು ಅಂತ ಖುಷಿಪಡಬೇಡಿ. ದೀಪಕ್ಕೆ ಕರೆಂಟ್ ಸಾಕು. ಮೊಬೈಲ್ ಚಾರ್ಜ್ ಮಾಡುವ ಕೆಲವು ಕೇಬಲ್‌ಗಳ ಒಳಗೆ ಕರೆಂಟಿನ ಎರಡು ವೈರ್ ಮಾತ್ರ ಇರುತ್ತವೆ, ಡೇಟಾದ ಎರಡು ವೈರ್ ಇರುವುದೇ ಇಲ್ಲ. ನಮ್ಮ ಮೊದಲ ತೊಂದರೆ ಇದೇ ಆಗಿತ್ತು. ಬೋರ್ಡ್ ಜೊತೆ ಬಂದ ಕೇಬಲನ್ನು ಅವಳು ಹಾಸ್ಟೆಲ್‌ನಲ್ಲೇ ಬಿಟ್ಟು ಬಂದಿದ್ದಳು. ಮನೆಯಲ್ಲಿ ಸಿಕ್ಕಿದ ಯಾವುದೋ ಕೇಬಲ್ ಹಾಕಿಕೊಂಡು ಎರಡು ದಿನ ಕಳೆದಿದ್ದಳು. ಚಿಕ್ಕಮಗಳೂರಿಗೆ ಹೋದಾಗ ಎಂ.ಜಿ. ರಸ್ತೆಯಲ್ಲಿ "ಪ್ರಿಂಟರ್ ಕೇಬಲ್ ಕೊಡಿ" ಅಂತ ಕೇಳಿ ತಂದೆ. ಊನೋದ ಚೌಕ ಬಾಯಿಗೆ ಅದೇ ಸರಿ ಹೊಂದುತ್ತದೆ.

ಕಂಪ್ಯೂಟರ್ ಬೋರ್ಡನ್ನು ಗುರುತಿಸಿದೆಯಾ ಅಂತ ನೋಡುವುದು ಸುಲಭ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಪೋರ್ಟ್ಸ್ ಅನ್ನುವ ಸಾಲನ್ನು ಬಿಡಿಸಿ. ಕಾಮ್3, ಕಾಮ್5 ಹೀಗೆ ಏನೋ ಒಂದು ಇರುತ್ತದೆ. ಕೇಬಲ್ ಕಿತ್ತು ನೋಡಿ, ಯಾವುದು ಮಾಯವಾಯಿತೋ ಅದೇ ನಿಮ್ಮದು. ಮತ್ತೆ ಹಾಕಿ, ವಾಪಸ್ ಬರಬೇಕು. ಲಿನಕ್ಸ್‌ನಲ್ಲಿ ಇದರ ಹೆಸರು ಟಿಟಿವೈ ಎಸಿಎಂ 0 ಅಥವಾ ಟಿಟಿವೈ ಯುಎಸ್‌ಬಿ 0 ಅಂತ ಇರುತ್ತದೆ, ಡೆವ್ ಫೋಲ್ಡರ್ ಒಳಗೆ. ಅಲ್ಲಿ ಪರ್ಮಿಷನ್ ಇಲ್ಲ ಅಂತ ಬಂದರೆ, ಉಬುಂಟು ತರಹದ್ದರಲ್ಲಿ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಆ ಗುಂಪಿನ ಹೆಸರೂ ಫೋನ್ ಕಾಲದ್ದೇ ನೋಡಿ.

ಪೋರ್ಟೇ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಆಮೇಲೆ ಡ್ರೈವರ್, ಅಂದರೆ ಆ ಚಿಪ್ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್, ಬಗ್ಗೆ ಯೋಚಿಸಿ. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಚಿಪ್ ಹೆಚ್ಚಾಗಿ ಸಿಎಚ್340. ಕಂಪ್ಯೂಟರ್ ತಾನೇ ಹಾಕಿಕೊಳ್ಳದಿದ್ದರೆ ಅದರ ಡ್ರೈವರನ್ನು ನಾವು ಹಾಕಬೇಕು. ಇಲ್ಲಿವರೆಗೆ ಪ್ರೋಗ್ರಾಂನ ಒಂದು ಅಕ್ಷರವನ್ನೂ ಮುಟ್ಟಬಾರದು. ತೊಂದರೆ ಅಲ್ಲಿಲ್ಲ.

ಎರಡನೇ ತುಂಡು: ಲೂಪ್

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಎರಡು ನಿಮಿಷದ ಕೆಲಸ, ಉಳಿಸುವುದು ಎರಡು ದಿನ. ದಯವಿಟ್ಟು ಮಾಡಿ.

ಊನೋ ಬೋರ್ಡ್ ಮೇಲೆ ಎರಡು ಚಿಪ್ ಇವೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು ಕಂಪ್ಯೂಟರ್ ಜೊತೆ ಯುಎಸ್‌ಬಿಯಲ್ಲಿ ಮಾತಾಡುವ ಚಿಪ್. ಇನ್ನೊಂದು ನಮ್ಮ ಪ್ರೋಗ್ರಾಂ ಓಡಿಸುವ ಎಟಿಮೆಗಾ 328ಪಿ. ಇವೆರಡರ ನಡುವೆ ಇರುವುದೇ ಸೀರಿಯಲ್ ಲೈನ್, ಅದು ಹೊರಗೆ 0 ಮತ್ತು 1 ಅನ್ನುವ ಪಿನ್‌ಗಳಲ್ಲಿ ಸಿಗುತ್ತದೆ. ಮೊದಲನೆಯ ಚಿಪ್‌ವರೆಗೆ ಲೈನ್ ಸರಿ ಇದೆಯಾ ಅಂತ ನೋಡಬೇಕಾದರೆ ಎರಡನೆಯದನ್ನು ಮಲಗಿಸಬೇಕು.

ಒಂದು ಜಂಪರ್ ವೈರ್ (ಎರಡು ಪಿನ್ ಸೇರಿಸುವ ಚಿಕ್ಕ ವೈರ್) ತೆಗೆದುಕೊಂಡು ರೀಸೆಟ್ ಪಿನ್ನನ್ನು ಗ್ರೌಂಡ್‌ಗೆ, ಅಂದರೆ ಜಿಎನ್‌ಡಿ ಅಂತ ಬರೆದ ಪಿನ್‌ಗೆ, ಹಾಕಿ. ಈಗ ಎಟಿಮೆಗಾ ಮಲಗಿದೆ. ಇನ್ನೊಂದು ಜಂಪರ್‌ನಿಂದ ಪಿನ್ 0 ಮತ್ತು ಪಿನ್ 1 ಸೇರಿಸಿ. ಆರ್ಡುಯಿನೋ ಸಾಫ್ಟ್‌ವೇರ್ ತೆರೆದು, ಟೂಲ್ಸ್ ಮೆನುವಿನಲ್ಲಿ ನಿಮ್ಮ ಪೋರ್ಟ್ ಆರಿಸಿ, ಸೀರಿಯಲ್ ಮಾನಿಟರ್ ತೆರೆಯಿರಿ. ಮೇಲಿನ ಖಾಲಿ ಸಾಲಿನಲ್ಲಿ ಏನಾದರೂ ಟೈಪ್ ಮಾಡಿ ಎಂಟರ್ ಒತ್ತಿ. ಬರೆದದ್ದೇ ಕೆಳಗೆ ವಾಪಸ್ ಬರಬೇಕು. ನೀವು ಹೇಳಿದ್ದು ಪಿನ್‌ವರೆಗೆ ಹೋಗಿ, ಜಂಪರ್ ದಾಟಿ, ತಿರುಗಿ ಬಂದಿದೆ.

ಬಂತಾ? ಹಾಗಾದರೆ ಕಂಪ್ಯೂಟರ್, ಕೇಬಲ್, ಡ್ರೈವರ್, ಪೋರ್ಟ್, ಯುಎಸ್‌ಬಿ ಚಿಪ್ ಇಷ್ಟೂ ಸರಿ. ಇನ್ನು ಮುಂದೆ ತೊಂದರೆ ಬಂದರೆ ಅದು ಪ್ರೋಗ್ರಾಂನಲ್ಲಿದೆ ಅಥವಾ ಹೊರಗಿನ ವೈರ್‌ನಲ್ಲಿದೆ. ಬರಲಿಲ್ಲವಾ? ಪ್ರೋಗ್ರಾಂ ಎಷ್ಟೇ ಚೆನ್ನಾಗಿ ಬರೆದರೂ ಪ್ರಯೋಜನ ಇಲ್ಲ, ಹಿಂದಿನ ತುಂಡಿಗೆ ಹೋಗಿ. ಪಿನ್ 0 ಮತ್ತು 1ರ ನಡುವಿನ ಜಂಪರ್ ಮಾತ್ರ ತೆಗೆದು ಮತ್ತೆ ಟೈಪ್ ಮಾಡಿ, ಆಗ ಏನೂ ಬರಬಾರದು. ಈ ಉಲ್ಟಾ ಪರೀಕ್ಷೆಯನ್ನೂ ಬಿಡಬೇಡಿ. ಬೇರೆ ಯಾರದೋ ಪೋರ್ಟ್ ನೋಡಿಕೊಂಡು ಸಮಾಧಾನಪಟ್ಟುಕೊಂಡಿಲ್ಲ ಅಂತ ಖಾತ್ರಿ ಆಗುತ್ತದೆ.

ನಮ್ಮ ಹುಡುಗಿ ಲೂಪ್‌ನಲ್ಲಿ ಮೊದಲು ಕಳಿಸಿದ್ದು "ಮಳೆ" ಅನ್ನುವ ಪದ. ಹಾಗೇ ವಾಪಸ್ ಬಂತು. ಎರಡು ಅಕ್ಷರ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ವೈರ್‌ನಲ್ಲಿ ಹೋದದ್ದು 9 ಬೈಟ್. 8 ಬಿಟ್‌ನ ಒಂದು ಕಟ್ಟಿಗೆ ಬೈಟ್ ಅನ್ನುತ್ತಾರೆ. ಮ, ಳ, ಎತ್ವದ ಗುರುತು, ಒಂದೊಂದಕ್ಕೂ ಯುಟಿಎಫ್-8 ಅನ್ನುವ ಬರೆಯುವ ಪದ್ಧತಿಯಲ್ಲಿ 3 ಬೈಟ್ ಬೇಕು. ಕನ್ನಡ ಕಳಿಸಬಹುದು, ತೊಂದರೆ ಏನಿಲ್ಲ. ಆದರೆ ಬೋರ್ಡ್‌ನಲ್ಲಿ ಒಂದೊಂದೇ ಬೈಟ್ ಓದಿ ಹೋಲಿಸುವಾಗ ಹೊಸಬರಿಗೆ ಗೊಂದಲ ಆಗುತ್ತದೆ. ಶುರುವಿನಲ್ಲಿ ಆದೇಶಗಳಿಗೆ ಇಂಗ್ಲಿಷಿನ ಒಂದೇ ಅಕ್ಷರ ಇಟ್ಟುಕೊಳ್ಳಿ.

ಪರೀಕ್ಷೆ ಮುಗಿದ ಮೇಲೆ ಎರಡೂ ಜಂಪರ್ ತೆಗೆಯಲೇಬೇಕು. ಅವು ಇದ್ದರೆ ಪ್ರೋಗ್ರಾಂ ಅಪ್‌ಲೋಡ್ ಆಗುವುದಿಲ್ಲ. ಹಾಗೇ ಮುಂದೆಯೂ ಪಿನ್ 0 ಮತ್ತು 1ಕ್ಕೆ ಬೇರೆ ಏನನ್ನೂ ಜೋಡಿಸಬೇಡಿ. ಅದು ಕಂಪ್ಯೂಟರ್‌ನ ದಾರಿ.

ದೀಪ ಹತ್ತಿಸೋಣ

ಮೊದಲ ಪ್ರೋಗ್ರಾಂ ನೀವು ಬರೆಯಬೇಕಾಗಿಲ್ಲ. ಫೈಲ್ ಮೆನುವಿನ ಎಗ್ಸಾಂಪಲ್ಸ್‌ನಲ್ಲಿ 04 ಕಮ್ಯುನಿಕೇಶನ್ ಅಂತ ಇದೆ, ಅದರೊಳಗೆ ಫಿಸಿಕಲ್ ಪಿಕ್ಸೆಲ್. ತೆರೆದು ಅಪ್‌ಲೋಡ್ ಮಾಡಿ. ಸೀರಿಯಲ್ ಮಾನಿಟರ್‌ನಲ್ಲಿ 9600 ಇಟ್ಟು ದೊಡ್ಡ ಎಚ್ ಕಳಿಸಿದರೆ ಬೋರ್ಡ್ ಮೇಲಿನ 13ನೇ ಪಿನ್ನಿನ ದೀಪ ಹತ್ತುತ್ತದೆ. ದೊಡ್ಡ ಎಲ್ ಕಳಿಸಿದರೆ ಆರುತ್ತದೆ. ಸಣ್ಣ ಎಚ್ ಕಳಿಸಿ ನೋಡಿ, ಏನೂ ಆಗಲ್ಲ. ನಮ್ಮ ಕಣ್ಣಿಗೆ ಎರಡೂ ಎಚ್, ಬೋರ್ಡ್‌ಗೆ ಒಂದು 72, ಇನ್ನೊಂದು 104.

ಈಗ ಆ ಪ್ರೋಗ್ರಾಂ ಓದಿ. ಸೆಟಪ್ ಭಾಗದಲ್ಲಿ "ಸೀರಿಯಲ್ ಡಾಟ್ ಬಿಗಿನ್ 9600" ಅಂತ ಇದೆ, ಅದೇ ಒಪ್ಪಂದ. ಲೂಪ್ ಭಾಗದಲ್ಲಿ (ಇದು ನಮ್ಮ ವೈರಿನ ಲೂಪ್ ಅಲ್ಲ, ಬೋರ್ಡ್ ಮತ್ತೆ ಮತ್ತೆ ಓಡಿಸುವ ಪ್ರೋಗ್ರಾಂ ಭಾಗ) "ಸೀರಿಯಲ್ ಡಾಟ್ ಅವೈಲಬಲ್" ಸೊನ್ನೆಗಿಂತ ಜಾಸ್ತಿ ಇದೆಯಾ ಅಂತ ಕೇಳುತ್ತದೆ. ಅಂದರೆ ಪೆಟ್ಟಿಗೆಯಲ್ಲಿ ಕಾಗದ ಬಿದ್ದಿದೆಯಾ ಅಂತ. ಬಿದ್ದಿದ್ದರೆ "ಸೀರಿಯಲ್ ಡಾಟ್ ರೀಡ್" ಒಂದೇ ಒಂದು ಬೈಟ್ ತೆಗೆಯುತ್ತದೆ. ಆಮೇಲೆ ಅದು ಎಚ್ ಆ, ಎಲ್ ಆ ಅಂತ ಹೋಲಿಸುತ್ತದೆ. ಈ ಪದಗಳಲ್ಲಿ ಸೀರಿಯಲ್‌ನ ಮೊದಲ ಎಸ್ ಮಾತ್ರ ದೊಡ್ಡದು.

ಆ ಪೆಟ್ಟಿಗೆ ಊನೋದಲ್ಲಿ 64 ಬೈಟ್‌ನದು. 9600ರಲ್ಲಿ ಎಡೆಬಿಡದೆ ಕಳಿಸಿದರೆ ಸುಮಾರು 67 ಮಿಲಿಸೆಕೆಂಡ್‌ನಲ್ಲಿ ತುಂಬುತ್ತದೆ. ಹಾಗಾಗಿ ಲೂಪ್ ಒಳಗೆ ಡಿಲೇ ಅಂತ ಹಾಕಿ ಬೋರ್ಡನ್ನು ಒಂದು ಸೆಕೆಂಡ್ ನಿಲ್ಲಿಸಿದರೆ, ಆ ಹೊತ್ತಿನಲ್ಲಿ ಬಂದ ಮಾತು ಚೆಲ್ಲಿಹೋಗಬಹುದು. ಒಂದೊಂದು ಅಕ್ಷರದ ಆಟದಲ್ಲಿ ಇದು ಗೊತ್ತಾಗಲ್ಲ. ದೊಡ್ಡ ಕೆಲಸಕ್ಕೆ ಹೋದಾಗ ನೆನಪಿಟ್ಟುಕೊಳ್ಳಿ.

ಬೋರ್ಡ್‌ನಿಂದ ಉತ್ತರವೂ ಬರಲಿ. ದೀಪ ಹತ್ತಿಸುವ ಸಾಲಿನ ಕೆಳಗೆ "ಸೀರಿಯಲ್ ಡಾಟ್ ಪ್ರಿಂಟ್‌ಎಲ್‌ಎನ್" ಬರೆದು, ಕಂಸದ ಒಳಗೆ ಉದ್ಧರಣ ಚಿಹ್ನೆಯಲ್ಲಿ "ಆನ್" ಅನ್ನಿ. ಆರಿಸುವ ಸಾಲಿಗೆ "ಆಫ್". ಪ್ರಿಂಟ್‌ಎಲ್‌ಎನ್ ಅನ್ನುವುದು ಮಾತಿನ ಕೊನೆಗೆ 13 ಮತ್ತು 10 ಅನ್ನುವ ಎರಡು ಬೈಟ್ ಸೇರಿಸಿ ಸಾಲು ಮುಗಿಸುತ್ತದೆ. ಬರೀ ಪ್ರಿಂಟ್ ಹಾಕಿದರೆ ಸಾಲು ಮುಗಿಯುವುದೇ ಇಲ್ಲ, ಎಲ್ಲ ಮಾತೂ ಒಂದಕ್ಕೊಂದು ಅಂಟಿಕೊಳ್ಳುತ್ತದೆ. 12 ಮತ್ತು 3 ಕಳಿಸಿದರೆ ಆ ಕಡೆಯವರು 123 ಅಂತ ಓದುತ್ತಾರೆ. ಪ್ರತಿ ಮಾತಿಗೂ ಒಂದು ಮುಕ್ತಾಯ ಬೇಕು. ಫೋನಿನಲ್ಲಿ ದೂರದ ಎಸ್ಟೇಟ್ ಜೊತೆ ಮಾತಾಡುವಾಗ ನಾವು "ಗೊತ್ತಾಯ್ತಾ" ಅಂತ ಕೇಳಿ ನಿಲ್ಲಿಸುತ್ತಿದ್ದೆವು, ಅಲ್ವಾ, ಹಾಗೆ.

ಇಷ್ಟಾದ ಮೇಲೆ ಬೇಕೆಂದೇ ಕೆಡಿಸಿ ನೋಡಿ. ಲೂಪ್ ಭಾಗದ ಶುರುವಿಗೆ ಒಂದು ಪ್ರಿಂಟ್‌ಎಲ್‌ಎನ್ ಸೇರಿಸಿ ಅಪ್‌ಲೋಡ್ ಮಾಡಿ, ನಾವು ಕೇಳದಿದ್ದರೂ ಬೋರ್ಡ್ ಮಾತಾಡುತ್ತಿರಲಿ (ನೋಡಿ ಆದ ಮೇಲೆ ಆ ಸಾಲು ತೆಗೆದುಬಿಡಿ). ಆಮೇಲೆ ಮಾನಿಟರ್‌ನಲ್ಲಿ 9600 ಬದಲು 115200 ಇಡಿ. ಚೌಕ, ಪ್ರಶ್ನೆ ಚಿಹ್ನೆ, ಅರ್ಥವಿಲ್ಲದ ಗುರುತು ಬರುತ್ತವೆ. ಈ ಕಸವನ್ನು ಒಮ್ಮೆ ಕಣ್ಣಾರೆ ನೋಡಿಟ್ಟುಕೊಂಡರೆ, ಮುಂದೆ ಎಂದಾದರೂ ಬಂದಾಗ "ಓ, ಬಾಡ್ ರೇಟ್" ಅಂತ ತಕ್ಷಣ ಹೊಳೆಯುತ್ತದೆ. ಏನೂ ಬರದೆ ಇರುವುದು ಬೇರೆ ರೋಗ, ಕಸ ಬರುವುದು ಬೇರೆ ರೋಗ. ಏನೂ ಬರದಿದ್ದರೆ ಲೈನ್ ನೋಡಿ. ಕಸ ಬಂದರೆ ಲೈನ್ ಇದೆ, ಒಪ್ಪಂದ ತಪ್ಪಿದೆ ಅಥವಾ ಗ್ರೌಂಡ್ ಸರಿಯಿಲ್ಲ.

ಬೇರೆ ಬೋರ್ಡ್, ಬೇರೆ ವೋಲ್ಟೇಜ್

ಕೆಲವು ಚಿಕ್ಕ ಬೋರ್ಡ್‌ಗಳಲ್ಲಿ ಯುಎಸ್‌ಬಿ ಬಾಯಿ ಇರುವುದಿಲ್ಲ. ಆಗ ಯುಎಸ್‌ಬಿಯನ್ನು ಸೀರಿಯಲ್ ಪಿನ್‌ಗಳಾಗಿ ಮಾಡುವ ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಬೇಕು. ಅದಕ್ಕೂ ಮೊದಲು ಲೂಪ್ ಮಾಡಿ, ಅದರ ಟಿಎಕ್ಸ್ ಮತ್ತು ಆರ್‌ಎಕ್ಸ್ ಸೇರಿಸಿದರೆ ಸಾಕು. ಆಮೇಲೆ ಅಡಾಪ್ಟರ್‌ನ ಟಿಎಕ್ಸ್ ಬೋರ್ಡ್‌ನ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಇದರ ಟಿಎಕ್ಸ್‌ಗೆ. ಬಾಯಿ ಎದುರಿನವರ ಕಿವಿಗೆ ಬರಬೇಕು. ಮೂರನೆಯದು ಗ್ರೌಂಡ್, ಇದನ್ನು ಮರೆಯುವವರೇ ಜಾಸ್ತಿ. ಟೆಲಿಫೋನಿಗೆ ಜೋಡಿ ವೈರ್ ಯಾಕೆ ಬೇಕೋ ಇದೂ ಅದಕ್ಕೇ ಬೇಕು, ಕರೆಂಟ್ ಹೋದ ಮೇಲೆ ವಾಪಸ್ ಬರಲು ದಾರಿ ಬೇಡವಾ? 0 ಯಾವುದು, 5 ಯಾವುದು ಅಂತ ಅಳೆಯಲು ಎರಡೂ ಕಡೆ ಒಂದೇ ನೆಲ ಇರಬೇಕು.

ವೋಲ್ಟೇಜ್ ವಿಷಯದಲ್ಲಿ ಅವಸರ ಮಾಡಬೇಡಿ. ಊನೋ 5 ವೋಲ್ಟ್‌ನದು. ಇಎಸ್‌ಪಿ32, ಇಎಸ್‌ಪಿ8266 ತರಹದವು 3.3 ವೋಲ್ಟ್‌ನವು. 5 ವೋಲ್ಟಿನ ಟಿಎಕ್ಸನ್ನು ಅವುಗಳ ಆರ್‌ಎಕ್ಸ್‌ಗೆ ನೇರ ಕೊಡಬಾರದು. ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆರ್‌ಎಕ್ಸ್‌ನಿಂದ ಗ್ರೌಂಡ್‌ಗೆ 2 ಕಿಲೋ ಓಮ್ ಹಾಕಿದರೆ ಸುಮಾರು 3.3 ವೋಲ್ಟ್ ಆಗಿ ಇಳಿಯುತ್ತದೆ. ಹಳೆಯ ಕಂಪ್ಯೂಟರ್‌ಗಳ ಹಿಂದೆ 9 ಪಿನ್ನಿನ ಸೀರಿಯಲ್ ಬಾಯಿ ಇರುತ್ತದೆ. ಅದು ಆರ್‌ಎಸ್-232. ಅಲ್ಲಿ 1 ಅಂದರೆ ಮೈನಸ್ ವೋಲ್ಟ್, 0 ಅಂದರೆ ಪ್ಲಸ್ ವೋಲ್ಟ್, 3ರಿಂದ 15ರವರೆಗೆ ಯಾವುದೂ ಆಗಬಹುದು. ಅಂಥದೊಂದು ಕಂಪ್ಯೂಟರ್ ನನ್ನ ಹತ್ತಿರ ಇತ್ತು. ಸೀರಿಯಲ್ ಅಂದರೆ ಸೀರಿಯಲ್ ಅಂತ ಅಂದುಕೊಂಡು ಒಂದು ಬೋರ್ಡಿನ ಪಿನ್‌ಗೆ ನೇರ ಜೋಡಿಸಿದೆ. ಆ ಬೋರ್ಡ್ ಮತ್ತೆ ಏಳಲಿಲ್ಲ. ಅವಳು ತನ್ನ ದುಡ್ಡಿನಲ್ಲಿ ತಂದಿದ್ದ ಬೋರ್ಡ್ ಅದು. ನನಗೆ ಬಹಳ ಬೇಜಾರಾಯಿತು. ನಡುವೆ ಮ್ಯಾಕ್ಸ್232 ಚಿಪ್ ಇರುವ ಚಿಕ್ಕ ಬೋರ್ಡ್ ಹಾಕಬೇಕಿತ್ತು. ನೀವು ಹಾಕಿ.

ಕಂಪ್ಯೂಟರ್ ಬರೆದಿಟ್ಟುಕೊಳ್ಳಲಿ

ಮಾನಿಟರ್‌ನಲ್ಲಿ ಕಣ್ಣಿಂದ ನೋಡುತ್ತಾ ಎಷ್ಟು ಹೊತ್ತು ಕೂರುವುದು? ಬಂದ ಸಾಲನ್ನು ಸಮಯದ ಜೊತೆ ಫೈಲ್‌ಗೆ ಬರೆಯಲು ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆ ಸಾಕು. ಪೈಥಾನ್‌ಗೆ ಲೈಬ್ರರಿ ಹಾಕಿಕೊಡುವ ಪಿಪ್‌ನಿಂದ ಪೈಸೀರಿಯಲ್ ಅನ್ನುವ ಲೈಬ್ರರಿ ಹಾಕಿಕೊಳ್ಳಬೇಕು. ಹಾಕುವಾಗ ಹೆಸರು ಪೈಸೀರಿಯಲ್, ಪ್ರೋಗ್ರಾಂನಲ್ಲಿ ಇಂಪೋರ್ಟ್ ಮಾಡುವಾಗ ಬರೀ ಸೀರಿಯಲ್. ನಿಮ್ಮ ಪ್ರೋಗ್ರಾಂ ಫೈಲ್‌ಗೆ ಮಾತ್ರ ಸೀರಿಯಲ್ ಡಾಟ್ ಪಿವೈ ಅಂತ ಹೆಸರಿಡಬೇಡಿ. ಪೈಥಾನ್ ಲೈಬ್ರರಿ ಬಿಟ್ಟು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡಿಕೊಂಡು ಎರರ್ ಕೊಡುತ್ತದೆ. ನಮ್ಮಲ್ಲಿ ಒಂದು ಇಡೀ ಬೆಳಿಗ್ಗೆ ಇದಕ್ಕೆ ಹೋಯಿತು.

ಪ್ರೋಗ್ರಾಂನ ಕ್ರಮ ಹೀಗೆ. ಮೊದಲು ಪೋರ್ಟ್ ತೆರೆಯುವುದು, ಅದಕ್ಕೆ ಮೂರು ವಿಷಯ ಕೊಡಬೇಕು: ಪೋರ್ಟ್ ಹೆಸರು, 9600, ಟೈಮ್‌ಔಟ್ 1. ಟೈಮ್‌ಔಟ್ ಕೊಡದಿದ್ದರೆ ಸಾಲು ಬರುವವರೆಗೂ ಅದು ಕಾಯುತ್ತಲೇ ಕೂರುತ್ತದೆ. ಆಮೇಲೆ ಟೈಮ್ ಡಾಟ್ ಸ್ಲೀಪ್‌ನಿಂದ 2 ಸೆಕೆಂಡ್ ಸುಮ್ಮನಿರಬೇಕು. ಯಾಕೆಂದರೆ ಪೋರ್ಟ್ ತೆರೆದ ಕೂಡಲೇ ಊನೋ ರೀಸೆಟ್ ಆಗುತ್ತದೆ. ಡಿಟಿಆರ್ ಅನ್ನುವ ಲೈನ್ ಒಂದು ಕೆಪಾಸಿಟರ್ ಮೂಲಕ ರೀಸೆಟ್ ಪಿನ್ನನ್ನು ಎಳೆಯುತ್ತದೆ. ಎದ್ದು ಕೂರುವ ಮೊದಲೇ ಮಾತಾಡಿಸಿದರೆ ಆ ಮಾತು ಅದಕ್ಕೆ ಕೇಳಿಸುವುದಿಲ್ಲ. ಬಳಿಕ ರೈಟ್‌ನಿಂದ ಎಚ್ ಕಳಿಸಿ, ಉದ್ಧರಣ ಚಿಹ್ನೆಯ ಮುಂದೆ ಸಣ್ಣ ಬಿ ಇರಲೇಬೇಕು, ಇದು ಬೈಟ್ ಅಂತ ಹೇಳಲು. ರೀಡ್‌ಲೈನ್‌ನಿಂದ ಉತ್ತರ ಓದಿ, ಡಿಕೋಡ್ ಮಾಡಿ, ಸ್ಟ್ರಿಪ್ ಮಾಡಿದರೆ ಹಿಂದಿನ 13, 10 ಉದುರಿ "ಆನ್" ಮಾತ್ರ ಉಳಿಯುತ್ತದೆ.

ಪೋರ್ಟ್ ತೆರೆಯಲು ಬಿಡುವುದೇ ಇಲ್ಲ, ಆಕ್ಸೆಸ್ ಡಿನೈಡ್ ಅಂತ ಬಂದರೆ ಸೀರಿಯಲ್ ಮಾನಿಟರ್ ತೆರೆದಿಟ್ಟಿದ್ದೀರಾ ನೋಡಿ. ವಿಂಡೋಸ್‌ನಲ್ಲಿ ಒಂದು ಪೋರ್ಟನ್ನು ಒಂದೇ ಪ್ರೋಗ್ರಾಂ ಹಿಡಿಯಬಹುದು. ಒಬ್ಬರು ರಿಸೀವರ್ ಇಟ್ಟ ಮೇಲೆ ಇನ್ನೊಬ್ಬರು ಎತ್ತಬೇಕು.

ಮಳೆಯ ಲೆಕ್ಕ

ನಮ್ಮ ಕಡೆ ತೋಟದವರು ಮಳೆಯನ್ನು ಇಂಚು ಮತ್ತು ಸೆಂಟ್‌ನಲ್ಲಿ ಹೇಳುತ್ತಾರೆ. 100 ಸೆಂಟ್‌ಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು ಅಂತ ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲರ ಬಾಯಲ್ಲೂ ಸೆಂಟ್‌ನದೇ ಮಾತು. ಅದಕ್ಕೆ ನಮ್ಮ ಮಳೆಮಾಪಕದ ಒಂದು ತೂಗು ಒಂದು ಸೆಂಟ್ ಆಗಲಿ ಅಂತ ತೀರ್ಮಾನಿಸಿದೆವು.

20 ಸೆಂಟಿಮೀಟರ್ ಅಗಲದ ಆಲಿಕೆ. ಅದರ ಬಾಯಿಯ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಒಂದು ಸೆಂಟ್ ಅಂದರೆ 0.254 ಮಿಲಿಮೀಟರ್ ಮಳೆ. ಗುಣಿಸಿದರೆ ಸರಿಸುಮಾರು 8 ಮಿಲಿಲೀಟರ್ ನೀರು. ಆಲಿಕೆಯ ಕೆಳಗೆ ಏರುಮಣೆಯ ಹಾಗೆ ತೂಗುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿ ಮಗುಚಿದರೆ ಇನ್ನೊಂದು ಮೇಲೆ ಬರುತ್ತದೆ. 10 ಮಿಲಿಲೀಟರಿನ ಸಿರಿಂಜ್‌ನಿಂದ 8 ಮಿಲಿಲೀಟರ್ ಹಾಕಿದಾಗ ಸರಿಯಾಗಿ ಮಗುಚುವ ಹಾಗೆ ಕೆಳಗಿನ ಸ್ಕ್ರೂ ತಿರುಗಿಸಿ ಇಟ್ಟೆವು. ಬಟ್ಟಲಿಗೆ ಅಂಟಿಸಿದ ಮ್ಯಾಗ್ನೆಟ್ ಪ್ರತಿ ಸಲ ಒಂದು ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಮುಂದೆ ಹಾದುಹೋಗುತ್ತದೆ, ಸ್ವಿಚ್ ಒಮ್ಮೆ ಮುಚ್ಚಿ ತೆರೆಯುತ್ತದೆ.

ಮಾಪಕ ಇರುವುದು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಮನೆಯಿಂದ 60 ಮೀಟರ್. ಬೋರ್ಡನ್ನೂ ಅಲ್ಲೇ ಇಟ್ಟು ಸೀರಿಯಲ್ ವೈರ್ ಎಳೆಯೋಣ ಅಂದಳು. ನಾನು ಬೇಡ ಅಂದೆ. 5 ವೋಲ್ಟಿನ ಈ ಸೀರಿಯಲ್ ಮೇಜಿನ ಮೇಲಿನ ದೂರಕ್ಕೆ ಮಾಡಿದ್ದು. ಅಷ್ಟು ದೂರ ಸೀರಿಯಲ್ಲೇ ಹೋಗಬೇಕೆಂದರೆ ಆರ್‌ಎಸ್-485 ಅಂತ ಬೇರೆ ಇದೆ, ನಿಧಾನ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ. ನಮಗೆ ಅದೂ ಬೇಕಾಗಲಿಲ್ಲ. ಹಳೆಯ ಟೆಲಿಫೋನ್ ಜೋಡಿ ವೈರ್ ಮನೆಯಲ್ಲಿತ್ತು. ಸ್ವಿಚ್ಚನ್ನು ಮಾತ್ರ ಅಲ್ಲಿ ಬಿಟ್ಟು, ಬೋರ್ಡ್ ಒಳಗೆ ಇಟ್ಟೆವು. ಜೋಡಿಯ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ಪಿನ್ 2ಕ್ಕೆ, ಪಿನ್ 2ರಿಂದ 5 ವೋಲ್ಟ್‌ಗೆ 1 ಕಿಲೋ ಓಮ್. ಹೀಗೆ ಪಿನ್ನನ್ನು 5 ವೋಲ್ಟ್‌ನಲ್ಲಿ ಎಳೆದು ಹಿಡಿಯುವ ರೆಸಿಸ್ಟರ್‌ಗೆ ಪುಲ್-ಅಪ್ ಅನ್ನುತ್ತಾರೆ, ಬೋರ್ಡ್ ಒಳಗೆ ಇರುವುದು ಇಷ್ಟು ಉದ್ದದ ವೈರ್‌ಗೆ ತೀರಾ ದುರ್ಬಲ.

ಪಿನ್ 2 ಮೇಲಿಂದ ಕೆಳಗೆ ಬಿದ್ದ ಕ್ಷಣ ಬೋರ್ಡ್ "ಟಿ" ಅಂತ ಒಂದು ಸಾಲು ಕಳಿಸುತ್ತದೆ. ಆಮೇಲೆ 200 ಮಿಲಿಸೆಕೆಂಡ್ ಆ ಪಿನ್ನಿನ ಕಡೆ ನೋಡುವುದಿಲ್ಲ, ಏಕೆಂದರೆ ಸ್ವಿಚ್ ಮುಚ್ಚುವಾಗ ಸ್ವಲ್ಪ ನಡುಗುತ್ತದೆ, ಒಂದೇ ಮಗುಚಿಗೆ ಮೂರ್ನಾಲ್ಕು ಲೆಕ್ಕ ಬೀಳುತ್ತದೆ. ಒಟ್ಟು ಎಷ್ಟು ಅನ್ನುವುದನ್ನು ಬೋರ್ಡ್‌ನಲ್ಲಿ ಇಟ್ಟಿಲ್ಲ. ಮೊದಲು ಇಟ್ಟಿದ್ದಳು. ಪೈಥಾನ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಬೋರ್ಡ್ ರೀಸೆಟ್ ಆಗಿ ಲೆಕ್ಕ ಸೊನ್ನೆಗೆ ಬಂತು. ಈಗ ಬೋರ್ಡ್ "ಒಂದು ಸಲ ಆಯಿತು" ಅಂತ ಮಾತ್ರ ಹೇಳುತ್ತದೆ. ಸಮಯ ಬರೆಯುವುದು, ಕೂಡುವುದು ಎಲ್ಲ ಕಂಪ್ಯೂಟರ್‌ನ ಕೆಲಸ.

ಗುಡುಗು ಶುರುವಾಗುವ ಮೊದಲೇ, ಮೋಡ ಕಟ್ಟುವಾಗಲೇ, ಕಣದ ವೈರನ್ನು ಬೋರ್ಡ್‌ನಿಂದ ಕಿತ್ತಿಡಿ. ಗುಡುಗು ಕೇಳಿದ ಮೇಲೆ ವೈರ್ ಮುಟ್ಟಲು ಹೋಗಬೇಡಿ, ಬೋರ್ಡ್ ಹೋದರೆ ಹೋಗಲಿ. ಸಿಡಿಲಿನಿಂದ ಸುಟ್ಟ ಫೋನ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಹೂಮಳೆ ಬರುವುದೇ ಗುಡುಗಿನ ಜೊತೆ, ಆಗ ಲೆಕ್ಕ ತಪ್ಪುತ್ತದೆ ಅಂತ ಅವಳಿಗೆ ಬೇಸರ. ಅದಕ್ಕೆ ಬಟ್ಟಲಿನಿಂದ ಚೆಲ್ಲಿದ ನೀರೆಲ್ಲ ಒಂದು ಕ್ಯಾನ್‌ಗೆ ಬೀಳುವ ಹಾಗೆ ಮಾಡಿದ್ದೇವೆ. ಬೆಳಿಗ್ಗೆ ಅಳೆದು 8ರಿಂದ ಭಾಗಿಸಿದರೆ ಸೆಂಟ್ ಸಿಗುತ್ತದೆ.

ಕಳೆದ ವಾರ ಗುಡುಗಿಲ್ಲದ ಒಂದು ರಾತ್ರಿ ಚೆನ್ನಾಗಿ ಸುರಿಯಿತು. ಕ್ಯಾನ್‌ನಲ್ಲಿ 424 ಮಿಲಿಲೀಟರ್ ಇತ್ತು, ಅಂದರೆ 53 ಸೆಂಟ್. ಫೈಲ್‌ನಲ್ಲಿ ಇದ್ದದ್ದು 51 ಸಾಲು. ಜೋರು ಮಳೆಯಲ್ಲಿ ಬಟ್ಟಲು ಮಗುಚುವ ಹೊತ್ತಿಗೆ ಸ್ವಲ್ಪ ನೀರು ಜಾಸ್ತಿ ಬಿದ್ದಿರುತ್ತದೆ ಅಂತ ಅವಳು ಹೇಳುತ್ತಾಳೆ. ಕಣದ ಹತ್ತಿರದ ಜಾಯಿಂಟ್ ಮೇಲೆ ನನಗೆ ಅನುಮಾನ. ಭಾನುವಾರ ಅವಳು ಹಾಸನದಿಂದ ಬರುತ್ತಾಳೆ. ನಾನು ಕಣದಲ್ಲಿ ನಿಂತು ಸ್ವಿಚ್ಚಿನ ಎರಡು ತುದಿಯನ್ನು 50 ಸಲ ಮುಟ್ಟಿಸುತ್ತೇನೆ, ಅವಳು ಒಳಗೆ ಕೂತು ಸಾಲು ಎಣಿಸುತ್ತಾಳೆ.